ಅಜ್ಜನ ಊರು, ಮೊಮ್ಮಗನ ಪಾಸ್‌ಪೋರ್ಟ್

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಸಾವಜಿ ಮನೆಗಳು ಹೆಚ್ಚು. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರೆಂದು ಗುರುತಿಸಿಕೊಳ್ಳುವ ಈ ಸಮಾಜ ಬದುಕು ಕಟ್ಟಿಕೊಂಡದ್ದು ಮಗ್ಗದಿಂದ, ಊರೂರಿಗೆ ಹೆಸರಾದದ್ದು ಖಾರದ ಅಡುಗೆಯಿಂದ. ನರ್ಮದೆಯ ದಂಡೆಯ ಮಾಹಿಷ್ಮತಿ ತಮ್ಮ ಮೂಲ, ಕಾರ್ತವೀರ್ಯಾರ್ಜುನ ತಮ್ಮ ಕುಲಪುರುಷ ಎಂಬ ನಂಬಿಕೆ ಅವರಲ್ಲಿ ತಲೆಮಾರುಗಳಿಂದ ಬಂದಿದೆ. ಮನೆಯೊಳಗೆ ಗುಜರಾತಿ, ಮರಾಠಿಗಳ ಛಾಯೆಯುಳ್ಳ ಮಾತು. ಹೊಸ್ತಿಲು ದಾಟಿದರೆ ಹುಬ್ಬಳ್ಳಿಯ ಗಂಡುಗನ್ನಡ. ದಾಜಿಬಾನಪೇಟೆಯ ತುಳಜಾಭವಾನಿಗೆ ನಡೆದುಕೊಳ್ಳುವ ಇವರನ್ನು ‘ನೀವು ಎಲ್ಲಿಯವರು’ ಎಂದು ಯಾರಾದರೂ ಕೇಳಿದರೆ ಬರುವ ಉತ್ತರ ಒಂದೇ: ‘ಹುಬ್ಬಳ್ಳ್ಯಾವ್ರು.’

ಈಗ ಒಂದು ಕಲ್ಪನೆ ಮಾಡೋಣ. ಆ ನರ್ಮದೆಯ ದಂಡೆ ಇಂದು ಬೇರೊಂದು ಶ್ರೀಮಂತ ದೇಶವಾಗಿದೆ. ‘ನಮ್ಮಲ್ಲಿಂದ ಹೋದವರ ಸಂತಾನ ಎಷ್ಟನೆಯ ತಲೆಮಾರಿನದಾದರೂ ನಮ್ಮ ಪ್ರಜೆಯೇ, ಕಾಗದ ತಂದು ತೋರಿಸಿ’ ಎಂದು ಅದು ನೂರು ವರ್ಷದಿಂದ ಹೇಳುತ್ತ ಬಂದಿದೆ. ಕಮರಿಪೇಟೆಯ ಹುಡುಗನೊಬ್ಬ ಆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ತಪ್ಪೇನು? ಏನೂ ಇಲ್ಲ. ಆದರೆ ಆ ದೇಶವನ್ನು ಕಂಡೇ ಇಲ್ಲದ ಅವನು ಅಲ್ಲಿಯ ಸರ್ಕಾರವನ್ನು ಆರಿಸಬೇಕೇ? ಮತ್ತು ಒಂದು ಶುಕ್ರವಾರ ಆ ದೇಶ ಇದ್ದಕ್ಕಿದ್ದಂತೆ ‘ಇನ್ನು ಮೊಮ್ಮಕ್ಕಳವರೆಗೆ ಮಾತ್ರ, ಉಳಿದವರು ಎಂದೂ ನಮ್ಮವರಾಗಿರಲೇ ಇಲ್ಲ’ ಎಂದರೆ ಅದು ನ್ಯಾಯವೇ?

ಇಟಲಿಯಲ್ಲಿ ಇದು ನಡೆದೇ ಹೋಯಿತು. 2025ರ ಮಾರ್ಚ್ 28, ಶುಕ್ರವಾರ, ಅಲ್ಲಿಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಮೇ ತಿಂಗಳಲ್ಲಿ ಅದು 74ನೇ ಸಂಖ್ಯೆಯ ಕಾನೂನಾಯಿತು. ಅಲ್ಲಿಯವರೆಗಿನ ನಿಯಮಕ್ಕೆ ತಲೆಮಾರಿನ ಮಿತಿಯೇ ಇರಲಿಲ್ಲ. ಇಟಲಿ ಒಂದು ರಾಜ್ಯವಾಗಿ ಒಗ್ಗೂಡಿದ 1861ರ ನಂತರ ಬದುಕಿದ್ದ ಒಬ್ಬ ಪೂರ್ವಜನಿದ್ದು, ಅವನು ತನ್ನ ಮಗು ಹುಟ್ಟುವ ಮೊದಲು ಬೇರೆ ದೇಶದ ಪ್ರಜೆಯಾಗಿರದಿದ್ದರೆ ಸಾಕು. ಪೌರತ್ವದ ಎಳೆ ತುಂಡಾಗದೆ ಮರಿಮೊಮ್ಮಕ್ಕಳ ಮಕ್ಕಳವರೆಗೂ ಬರುತ್ತಿತ್ತು. ಹೊಸ ಕಾನೂನು ಅದನ್ನು ತಂದೆತಾಯಿ ಅಥವಾ ಅಜ್ಜ ಅಜ್ಜಿಯರಿಗೆ ನಿಲ್ಲಿಸಿತು. ಆ ಅಜ್ಜನಾದರೂ ಇಟಲಿಯ ಪೌರತ್ವವನ್ನು ಮಾತ್ರ ಹೊಂದಿದ್ದವನಾಗಿರಬೇಕು. ಇಲ್ಲವೇ ಮಗು ಹುಟ್ಟುವ ಮೊದಲು ತಂದೆ ಅಥವಾ ತಾಯಿ ಪ್ರಜೆಯಾಗಿ ಇಟಲಿಯಲ್ಲಿ ಎರಡು ವರ್ಷ ವಾಸಿಸಿರಬೇಕು.

ಈ ಬದಲಾವಣೆಯನ್ನು ಒಟ್ಟಾರೆ ಹೊಗಳುವವರೂ ತೆಗಳುವವರೂ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕಲಸಿಬಿಡುತ್ತಾರೆ. ಪೌರತ್ವವನ್ನು ಯಾವುದರಿಂದ ಅಳೆಯಬೇಕು ಎಂಬುದು ಮೊದಲನೆಯದು. ಅಳತೆಯನ್ನು ಬದಲಿಸುವಾಗ ಹಳೆಯ ಅಳತೆಯನ್ನು ನಂಬಿದವರಿಗೆ ಏನು ಸಲ್ಲಬೇಕು ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಇಟಲಿಯ ಉತ್ತರ ಸರಿಯಾದ ದಿಕ್ಕಿನಲ್ಲಿದೆ. ಎರಡನೆಯದರಲ್ಲಿ ಅದು ಎಡವಿದೆ. ಭಾರತದ ಕಥೆ ಇದಕ್ಕೆ ಹೆಚ್ಚುಕಡಿಮೆ ತಿರುವುಮುರುವು, ಮತ್ತು ಆ ಕಥೆಯ ಮುಖ್ಯ ಅಧ್ಯಾಯಗಳು ಕರ್ನಾಟಕದಲ್ಲೇ ಇವೆ ಎಂಬುದು ನನ್ನ ವಾದ.

ಇಟಲಿ ಇಷ್ಟು ಧಾರಾಳವಾಗಿದ್ದುದಕ್ಕೆ ಕಾರಣವಿತ್ತು. 1876ರಿಂದ 1915ರ ನಡುವೆ ಸುಮಾರು 1.4 ಕೋಟಿ ಜನ ಬಡತನ ತಾಳಲಾರದೆ ಆ ದೇಶ ಬಿಟ್ಟರು. ಅರ್ಜೆಂಟೀನಾ, ಬ್ರೆಜಿಲ್, ಅಮೆರಿಕಗಳಿಗೆ ಹೋದವರು ಊರಿಗೆ ಹಣ ಕಳಿಸುತ್ತಿದ್ದರು. ಅನೇಕರು ಮರಳಿ ಬರುತ್ತಿದ್ದರು. ಹೋದವರನ್ನು ತನ್ನವರೆಂದೇ ಉಳಿಸಿಕೊಳ್ಳಲು ಆ ದೇಶ 1912ರ ಕಾನೂನಿನಲ್ಲಿ ವಂಶವನ್ನು ಆಧಾರವಾಗಿಟ್ಟಿತು. 1992ರ ಕಾನೂನೂ ಅದನ್ನೇ ಮುಂದುವರಿಸಿತು. ಹಡಗು ಹತ್ತಿದ ರೈತನಿಗೂ ಅವನ ಮಗನಿಗೂ ಆ ನಂಟು ನಿಜವಾಗಿತ್ತು. ನಾಲ್ಕನೆಯ ತಲೆಮಾರಿಗೆ ಬರುವಷ್ಟರಲ್ಲಿ ಅದು ಅಡ್ಡಹೆಸರಿನಲ್ಲಿ, ಒಂದೆರಡು ತಿನಿಸಿನಲ್ಲಿ ಉಳಿದಿತ್ತು. ಕಾನೂನು ಮಾತ್ರ ಈ ಸವೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. 2014ರ ಕೊನೆಯಲ್ಲಿ ವಿದೇಶದಲ್ಲಿರುವ ಇಟಲಿ ಪ್ರಜೆಗಳ ಸಂಖ್ಯೆ 46 ಲಕ್ಷ. ಹತ್ತು ವರ್ಷದಲ್ಲಿ 64 ಲಕ್ಷ. ಪೌರತ್ವ ಕೋರಿದ 60,000ಕ್ಕೂ ಹೆಚ್ಚು ಪ್ರಕರಣಗಳು ನ್ಯಾಯಾಲಯಗಳಲ್ಲಿ ಬಾಕಿ ಇವೆ ಎಂದು ಸರ್ಕಾರವೇ ಹೇಳಿತು. ಅರ್ಜಿಗಳ ಹೊರೆ ಬಿದ್ದದ್ದು ಸಣ್ಣ ಊರುಗಳ ಮೇಲೆ. ವೆನೆಟೊ ಪ್ರಾಂತ್ಯದ ವಾಲ್ ದಿ ಜೋಲ್ದೊ ಎಂಬ ಗುಡ್ಡಗಾಡಿನ ಊರಿನ ಮೇಯರ್ ಈ ಹೊರೆಯನ್ನು ಪ್ರತಿಭಟಿಸಿ ತನ್ನ ಕಚೇರಿಯ ಮೇಲೆ ಬ್ರೆಜಿಲ್ ಬಾವುಟವನ್ನೇ ಹಾರಿಸಿದ.

ಕೆಲಸದ ಹೊರೆಗಿಂತ ದೊಡ್ಡದು ಪ್ರಾತಿನಿಧ್ಯದ ಪ್ರಶ್ನೆ. ವಿದೇಶದಲ್ಲಿರುವ ಪ್ರಜೆಗಳು ಇಟಲಿಯ ಸಂಸತ್ತಿಗೆ ಎಂಟು ಮಂದಿ ಕೆಳಮನೆ ಸದಸ್ಯರನ್ನೂ ನಾಲ್ವರು ಸೆನೆಟರ್‌ಗಳನ್ನೂ ಆರಿಸುತ್ತಾರೆ. ಅದೇ ಹೊತ್ತಿಗೆ ಪೊ ನದಿಯ ಬಯಲಿನ ಕೊಟ್ಟಿಗೆಗಳಲ್ಲಿ ಹಸು ನೋಡಿಕೊಳ್ಳುವ, ಇಟಲಿಯ ಹೆಸರುವಾಸಿ ಗಿಣ್ಣಿಗೆ ಹಾಲು ಒದಗಿಸುವ ಪಂಜಾಬಿಗಳು ಪ್ರಜೆಗಳಾಗಲು ಹತ್ತು ವರ್ಷ ಅಲ್ಲಿ ಕಾನೂನುಬದ್ಧವಾಗಿ ವಾಸಿಸಿರಬೇಕು. 2018ರಿಂದ ಇಟಾಲಿಯನ್ ಭಾಷೆಯ ಪರೀಕ್ಷೆಯನ್ನೂ ದಾಟಬೇಕು. ಅವರಿಗೆ ಅಲ್ಲೇ ಹುಟ್ಟಿದ ಮಗು ಹದಿನೆಂಟು ತುಂಬುವವರೆಗೂ ವಿದೇಶಿ. ಈ ಹತ್ತು ವರ್ಷವನ್ನು ಐದಕ್ಕೆ ಇಳಿಸಬೇಕೆಂದು 2025ರ ಜೂನ್ 8 ಮತ್ತು 9ರಂದು ಜನಮತಗಣನೆ ನಡೆಯಿತು. ಅದು ಊರ್ಜಿತವಾಗಲು ಅರ್ಧಕ್ಕಿಂತ ಹೆಚ್ಚು ಮತದಾರರು ಮತ ಹಾಕಬೇಕಿತ್ತು. ಹಾಕಿದವರು ಸುಮಾರು ಶೇ. 30. ಇಟಲಿಯ ನೆಲ ತುಳಿಯದ ವಿದೇಶವಾಸಿ ಮತದಾರರ ಹೆಸರೂ ಆ ಅರ್ಧದ ಲೆಕ್ಕಕ್ಕೆ ಸೇರಿತ್ತು. ಹಾಲು ಕರೆಯುವವನ ಭವಿಷ್ಯದ ಲೆಕ್ಕದಲ್ಲಿ ಬ್ಯೂನಸ್ ಐರಿಸ್‌ನ ಮರಿಮೊಮ್ಮಗನ ಹೆಸರಿತ್ತು. ಹಾಲು ಕರೆಯುವವನದು ಇರಲಿಲ್ಲ. ತಲೆಮಾರಿನ ಮಿತಿ ಬೇಕೆನ್ನಲು ನನಗೆ ಇದಕ್ಕಿಂತ ಬಲವಾದ ಕಾರಣ ಕಾಣದು.

ವಂಶದ ನೆನಪು ಬೆಲೆಯಿಲ್ಲದ್ದೆಂದು ಇದರ ಅರ್ಥವಲ್ಲ. ನಮ್ಮ ಕಡೆ ಹೆಳವರು ಎತ್ತಿನೊಂದಿಗೆ ಊರೂರು ಸುತ್ತಿ ಒಕ್ಕಲು ಮನೆತನಗಳ ವಂಶಾವಳಿಯನ್ನು ಹಾಡಿ ಹೇಳುತ್ತ, ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಿಗೆಯಲ್ಲಿ ಸೇರಿಸುತ್ತ ಬಂದಿದ್ದಾರೆ. ಮೂಲಪುರುಷ ಯಾರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದ ಎಂಬುದೆಲ್ಲ ಅವರಿಗೆ ಗೊತ್ತು. ಆ ಹೆಸರುಗಳನ್ನು ಕೇಳುವಾಗ ಮನೆಯವರಿಗೆ ಆಗುವ ಹೆಮ್ಮೆ ನಿಜವಾದದ್ದೇ. ಆದರೂ ಹೆಳವರ ಹೊತ್ತಿಗೆಯನ್ನು ಹಿಡಿದು ಪೂರ್ವಜರ ಊರಿನ ಪಂಚಾಯಿತಿಗೆ ಮತ ಹಾಕಲು ಯಾರೂ ಹೋಗುವುದಿಲ್ಲ. ಇಂದು ಅಲ್ಲಿ ನೀರಿಗೆ, ದಾರಿಗೆ, ಶಾಲೆಗೆ ಹೆಣಗುತ್ತಿರುವವರ ಪಾಲಿನ ಮಾತು ಅದು.

ವಂಶವೇ ಆಧಾರವಾದಾಗ ಇನ್ನೊಂದು ಅನ್ಯಾಯ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಹಕ್ಕು ವಂಶಕ್ಕೆ ಎಂದರೂ ಅದು ಸಿಗುವುದು ಕಾಗದ ಉಳಿಸಿಕೊಂಡವರಿಗೆ. ಇಟಲಿಯ ಚರ್ಚುಗಳಲ್ಲಿ, ಪುರಸಭೆಗಳಲ್ಲಿ ನೂರೈವತ್ತು ವರ್ಷದ ಜನನ ದಾಖಲೆ ಸಿಗುತ್ತದೆ. ಹುಬ್ಬಳ್ಳಿಯಲ್ಲಿ? ಜನನ ಮರಣ ನೋಂದಣಿಯ ಕೇಂದ್ರ ಕಾನೂನು ಬಂದದ್ದೇ 1969ರಲ್ಲಿ. ಅದಕ್ಕೂ ಹಿಂದಿನ ತಲೆಮಾರಿನಲ್ಲಿ ಅನೇಕರ ಹುಟ್ಟುಹಬ್ಬ ಜೂನ್ 1. ಶಾಲೆಗೆ ಸೇರಿಸಿಕೊಂಡ ಮಾಸ್ತರರು ಬರೆದುಕೊಟ್ಟ ತಾರೀಖು ಅದು. 1956ಕ್ಕೆ ಮುಂಚಿನ ಕಾಗದದಲ್ಲಿ ಊರು ಮುಂಬಯಿ ಪ್ರಾಂತ್ಯದ್ದು. ಊರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರಲ್ಲಿ. ಗಂಡನ ಮನೆ ಸೇರಿದ ಹೆಣ್ಣಿನ ಹೆಸರೇ ಬದಲಾಗಿರುತ್ತದೆ. ಇಟಲಿಯ ಹಳೆಯ ಕಾನೂನಿನಲ್ಲಂತೂ ಗಣರಾಜ್ಯದ ಸಂವಿಧಾನ ಜಾರಿಗೆ ಬಂದ 1948ರ ಜನವರಿ 1ಕ್ಕೆ ಮುಂಚೆ ಹುಟ್ಟಿದ ಮಕ್ಕಳಿಗೆ ತಾಯಿ ಪೌರತ್ವ ದಾಟಿಸುವಂತೆಯೇ ಇರಲಿಲ್ಲ. ಆ ಎಳೆಗಳನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಯೇ ಜೋಡಿಸಬೇಕಾಯಿತು. ನಮ್ಮ ಪೌರತ್ವ ಕಾಯ್ದೆಯಲ್ಲೂ ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆಯಿಂದ ಮಾತ್ರ ಪೌರತ್ವ ಬರುತ್ತಿತ್ತು. ತಾಯಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು 1992ರ ಡಿಸೆಂಬರ್ 10ರಿಂದ.

ಈ ಕಾಗದದ ಪ್ರಶ್ನೆ ವಿದೇಶದ ಪಾಸ್‌ಪೋರ್ಟ್ ಬಯಸುವವರದ್ದಷ್ಟೇ ಎಂದುಕೊಳ್ಳಬೇಕಿಲ್ಲ. 2025ರ ಜೂನ್‌ನಲ್ಲಿ ಬಿಹಾರದಿಂದ ಶುರುವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅದೇ ವರ್ಷದ ನವೆಂಬರ್‌ನಲ್ಲಿ ನೆರೆಯ ಗೋವಾ, ಕೇರಳಗಳಿಗೂ ಬಂತು. ಕಾಸರಗೋಡಿನ ಕನ್ನಡಿಗರೂ ಹಳೆಯ ಪಟ್ಟಿಯಲ್ಲಿ ತಮ್ಮದೋ ತಂದೆತಾಯಿಯದೋ ಹೆಸರು ಹುಡುಕಬೇಕಾಯಿತು. ಹುಟ್ಟಿದ ನೆಲದಲ್ಲೇ ಬಾಳುತ್ತಿರುವವರಿಗೂ ವಂಶದ ಸಾಕ್ಷಿ ಕೇಳುವ ಕಾಲ ಇದು.

ಇನ್ನು ಎರಡನೆಯ ಪ್ರಶ್ನೆ. ಇಟಲಿಯ ಹೊಸ ಕಾನೂನು, ಸುಗ್ರೀವಾಜ್ಞೆಯ ಹಿಂದಿನ ದಿನ, ಅಂದರೆ ಮಾರ್ಚ್ 27ರ ಮಧ್ಯರಾತ್ರಿಯೊಳಗೆ ಅರ್ಜಿ ಸಲ್ಲಿಸಿದವರನ್ನು, ಭೇಟಿಯ ದಿನ ಗೊತ್ತಾಗಿದ್ದವರನ್ನು ಹಳೆಯ ನಿಯಮದಡಿ ಉಳಿಸಿತು. ಉಳಿದವರನ್ನು, ಅವರು ಕಾನೂನು ಬರುವ ಮೊದಲೇ ಹುಟ್ಟಿದ್ದರೂ, ಎಂದೂ ಪೌರತ್ವ ಪಡೆದೇ ಇರಲಿಲ್ಲವೆಂದು ಪರಿಗಣಿಸಿತು. ಹಳೆಯ ಕಾನೂನಿನ ಪ್ರಕಾರ ಇವರು ಹುಟ್ಟಿನಿಂದಲೇ ಪ್ರಜೆಗಳು. ಅರ್ಜಿ ಹೊಸ ಹಕ್ಕನ್ನು ಬೇಡುವುದಕ್ಕಲ್ಲ, ಇದ್ದ ಹಕ್ಕನ್ನು ದಾಖಲಿಸುವುದಕ್ಕೆ. ‘ಅರ್ಜಿ ಹಾಕದವರು ಕಳೆದುಕೊಂಡದ್ದೇನೂ ಇಲ್ಲ’ ಎನ್ನುವವರಿದ್ದಾರೆ. ಆದರೆ ಬ್ರೆಜಿಲ್‌ನ ಕಾನ್ಸುಲೇಟುಗಳಲ್ಲಿ ವರ್ಷಗಟ್ಟಲೆ ಸರದಿ ಕಾಯ್ದು, ಭೇಟಿಯ ದಿನ ಸಿಗದೆ ಹೊರಗುಳಿದವರ ವಿಳಂಬ ಯಾರದು? ತಾನೇ ತಡಮಾಡಿ, ಆ ತಡವನ್ನೇ ಪ್ರಜೆಯ ಲೋಪವೆಂದು ಬರೆದುಕೊಳ್ಳುವ ಅಧಿಕಾರ ಯಾವ ಪ್ರಭುತ್ವಕ್ಕೂ ಸಲ್ಲದು. ಮಿತಿ ಬೇಕಿತ್ತು, ಸರಿ. ಇಂತಿಂಥ ದಿನದ ನಂತರ ಹುಟ್ಟುವವರಿಗೆ ಎಂದು ಹೇಳಬಹುದಿತ್ತು. ಇಲ್ಲವೇ ಒಂದೆರಡು ವರ್ಷದ ಗಡುವು ಕೊಡಬಹುದಿತ್ತು. ರಾತ್ರಿ ಬೆಳಗಾಗುವುದರೊಳಗೆ ಬಾಗಿಲು ಹಾಕಿದ್ದು ಸುಧಾರಣೆಯ ಹೆಸರು ಕೆಡಿಸಿತು.

ಇದೇ ಮಾತನ್ನು ನಮ್ಮ ಸುಪ್ರೀಂ ಕೋರ್ಟ್ 2023ರ ಫೆಬ್ರುವರಿ 3ರಂದು ಇನ್ನೊಂದು ಸಂದರ್ಭದಲ್ಲಿ ಎತ್ತಿಹಿಡಿಯಿತು. ಭಾರತ ಇಬ್ಬಗೆ ಪೌರತ್ವ ಒಪ್ಪದ ದೇಶ. ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಹೊರಹೋದವರ ಮಕ್ಕಳಿಗೆಂದು 2005ರಲ್ಲಿ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್, ಅಂದರೆ ಒಸಿಐ, ಗಟ್ಟಿಯಾದ ರೂಪ ಪಡೆಯಿತು. ಅನಿವಾಸಿ ಭಾರತೀಯರಿಗೆ ಸಮನಾಗಿ ಓದಲು ಇವರಿಗೆ ಅವಕಾಶವಿತ್ತು. ಅಮೆರಿಕದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯೊಂದಿಗೆ ಮರಳಿ ಬಂದು ಕರ್ನಾಟಕದ ಶಾಲೆಗಳಲ್ಲಿ ಓದಿದ ಮಕ್ಕಳು ಪ್ರವೇಶ ಪರೀಕ್ಷೆ ಬರೆದು ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಕೇಳಿದಾಗ ಪ್ರಶ್ನೆ ಎದ್ದಿತು. 2020ರಲ್ಲಿ ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪಿತ್ತಿತು. 2021ರ ಮಾರ್ಚ್ 4ರಂದು ಕೇಂದ್ರ ಹೊಸ ಅಧಿಸೂಚನೆ ಹೊರಡಿಸಿ, ಇವರು ಅನಿವಾಸಿಗಳ ಕೋಟಾಕ್ಕೆ ಮಾತ್ರ ಅರ್ಹರು, ಭಾರತೀಯರಿಗೇ ಮೀಸಲಾದ ಸೀಟಿಗೆ ಅಲ್ಲ ಎಂದಿತು. ವರ್ಷಗಟ್ಟಲೆ ಒಂದು ನಿಯಮ ನಂಬಿ ಓದಿದ ಮಕ್ಕಳು ಪರೀಕ್ಷೆಯ ಹೊಸ್ತಿಲಲ್ಲಿ ನಿಂತಾಗ ನಿಯಮವೇ ಬದಲಾಯಿತು. ಅನುಷ್ಕಾ ರೆಂಗುಂಥ್ವಾರ್ ಪ್ರಕರಣವೆಂದು ಹೆಸರಾದ ತೀರ್ಪಿನಲ್ಲಿ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರಿದ್ದ ಪೀಠ ಎರಡನ್ನೂ ಬೇರ್ಪಡಿಸಿ ನೋಡಿತು. ನಿಯಮ ಬದಲಿಸುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಈ ನಿರ್ಬಂಧ ಅಧಿಸೂಚನೆಯ ನಂತರ ಕಾರ್ಡ್ ಪಡೆದವರಿಗೆ ಮಾತ್ರ ಅನ್ವಯ. ಇಟಲಿಗೆ ಬೇಕಿದ್ದ ವಿವೇಕ ಇದೇ.

ಒಸಿಐ ಎಂಬ ಏರ್ಪಾಟಿನಲ್ಲೇ ಒಂದು ಜಾಣತನವಿದೆ. ವಿದೇಶದಲ್ಲಿರುವ ಭಾರತೀಯರ ಕುರಿತ ಸಿಂಘ್ವಿ ಸಮಿತಿ 2002ರಲ್ಲಿ ಇಬ್ಬಗೆ ಪೌರತ್ವದ ಕಡೆಗೆ ಒಲವು ತೋರಿತ್ತು. ಬಂದದ್ದು ಮತದ ಹಕ್ಕಿಲ್ಲದ, ಕೃಷಿಭೂಮಿ ಕೊಳ್ಳುವ ಅವಕಾಶವಿಲ್ಲದ ಕಾರ್ಡ್. ಮರಿಮೊಮ್ಮಕ್ಕಳವರೆಗೂ ಅದು ಸಿಗಬಲ್ಲದು. ನೆನಪಿನ ನಂಟಿಗೆ ಬಂದುಹೋಗುವ, ಇದ್ದು ದುಡಿಯುವ ಅನುಕೂಲ. ಆಳುವ ಹಕ್ಕಿಗೆ ಬೇರೆಯದೇ ಅಳತೆ. ಈ ಎರಡನ್ನೂ ಒಂದೇ ಪಾಸ್‌ಪೋರ್ಟಿನಲ್ಲಿ ಕಟ್ಟಿಟ್ಟದ್ದರಿಂದಲೇ ಇಟಲಿ ಕೊನೆಗೆ ಎರಡನ್ನೂ ಒಟ್ಟಿಗೆ ಕತ್ತರಿಸಬೇಕಾಯಿತು. ನಮ್ಮ ಸಂವಿಧಾನವಂತೂ ವಿದೇಶದಲ್ಲಿದ್ದ ಭಾರತೀಯ ಮೂಲದವರ ಬಗ್ಗೆ ಹೇಳುವ 8ನೇ ವಿಧಿಯಲ್ಲಿ, ತಂದೆತಾಯಿ ಅಥವಾ ಅಜ್ಜ ಅಜ್ಜಿ ಭಾರತದಲ್ಲಿ ಹುಟ್ಟಿರಬೇಕೆಂಬ ಗೆರೆಯನ್ನು ಆಗಲೇ ಎಳೆದಿತ್ತು. 2025ರಲ್ಲಿ ರೋಮ್ ತಲುಪಿದ್ದು ಬಹುಮಟ್ಟಿಗೆ ಇದೇ ಗೆರೆಗೆ.

ಒಂದೇ ಪೌರತ್ವದ ನಿಯಮ ಇನ್ನೊಂದು ಕೆಲಸ ಮಾಡುತ್ತದೆ: ಆಯ್ಕೆಗೆ ಬೆಲೆ ಕಟ್ಟುತ್ತದೆ. ಹುಬ್ಬಳ್ಳಿಯಿಂದ ಲೋಂಡಾ ದಾಟಿ ಹೋದರೆ ಸಿಗುವ ಕ್ಯಾಸಲ್‌ರಾಕ್ ಒಂದು ಕಾಲದಲ್ಲಿ ಬ್ರಿಟಿಷ್ ಇಂಡಿಯಾ ಮುಗಿದು ಪೋರ್ಚುಗೀಸ್ ಗೋವಾ ಶುರುವಾಗುವ ಗಡಿಯ ನಿಲ್ದಾಣ. 1961ರ ಡಿಸೆಂಬರ್ 19ಕ್ಕೆ ಮುಂಚೆ ಗೋವಾದಲ್ಲಿ ಹುಟ್ಟಿದವರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಪೋರ್ಚುಗಲ್ ತನ್ನವರೆಂದು ನೋಂದಾಯಿಸಿಕೊಳ್ಳುತ್ತ ಬಂದಿದೆ. ಗೋವಾ ಬೇರಿನ ಕುಟುಂಬಗಳು ಕಾರವಾರ, ಬೆಳಗಾವಿ, ಹುಬ್ಬಳ್ಳಿಗಳಲ್ಲೂ ಇವೆ. ಅಜ್ಜನ ಜನನ ದಾಖಲೆ ಸಿಕ್ಕರೆ ಯುರೋಪಿನ ಬಾಗಿಲು ತೆರೆಯುತ್ತದೆ; ಆದರೆ ಆ ಪಾಸ್‌ಪೋರ್ಟ್ ಕೈಗೆ ಬಂದರೆ ಭಾರತದ್ದು ಬಿಡಬೇಕು. ಬ್ಯೂನಸ್ ಐರಿಸ್‌ನವನಿಗೆ ಈ ಸಂಕಟವಿಲ್ಲ. ಏನನ್ನೂ ಬಿಡದೆ ಸಿಗುವ ಪೌರತ್ವ ವಿಮೆಯಾಗಿಬಿಡುತ್ತದೆ; ಒಂದನ್ನು ಬಿಟ್ಟು ಪಡೆಯುವಾಗ ಮನುಷ್ಯ ತಾನು ಎಲ್ಲಿ ಬಾಳಬೇಕೆಂದು ಯೋಚಿಸುತ್ತಾನೆ.

ಇಷ್ಟು ಹೇಳಿ ಭಾರತವನ್ನು ಹೊಗಳಿ ಮುಗಿಸಿದರೆ ಅದು ಅರ್ಧ ಸತ್ಯ. ಹುಬ್ಬಳ್ಳಿಯಿಂದ ಸುಮಾರು 50 ಕಿಲೋಮೀಟರ್ ದೂರದ ಮುಂಡಗೋಡಿಗೆ ಬನ್ನಿ. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1966ರಲ್ಲಿ, ಟಿಬೆಟನ್ ನಿರಾಶ್ರಿತರಿಗೆಂದು ಅಲ್ಲಿ ನೆಲೆ ಕಲ್ಪಿಸಲಾಯಿತು. ಗಾಂಡೆನ್, ಡ್ರೆಪುಂಗ್ ಮಠಗಳು ಅಲ್ಲಿ ಮತ್ತೆ ತಲೆಯೆತ್ತಿದವು. ಭಾರತದ ಪೌರತ್ವ ಕಾಯ್ದೆ 1955ರಲ್ಲಿ ನೆಲವನ್ನು ನೆಚ್ಚಿತ್ತು: ಇಲ್ಲಿ ಹುಟ್ಟಿದವನು ಇಲ್ಲಿಯವನು. 1987ರ ಜುಲೈ 1ರಿಂದ ತಂದೆತಾಯಿಯಲ್ಲಿ ಒಬ್ಬರು ಭಾರತೀಯರಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ ಇಬ್ಬರೂ ಭಾರತೀಯರಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂದಾಯಿತು. ಇಟಲಿ ಈಗ ರಕ್ತದಿಂದ ತುಸು ದೂರ ಸರಿದಿದ್ದರೆ, ನಾವು ನೆಲವನ್ನು ಬಿಟ್ಟು ರಕ್ತದ ಕಡೆಗೆ ಹೆಜ್ಜೆ ಹಾಕಿದ್ದೇವೆ.

ಈ ತಿದ್ದುಪಡಿಗಳು ಮುಂದಿನವರಿಗೆ ಅನ್ವಯವಾಗಿದ್ದು ಒಳ್ಳೆಯದೇ. ಆದರೆ ಮುಂಡಗೋಡಿನ ಒಂದು ಮನೆಯಲ್ಲಿ 1986ರಲ್ಲಿ ಅಣ್ಣನೂ 1988ರಲ್ಲಿ ತಮ್ಮನೂ ಹುಟ್ಟಿದರೆಂದುಕೊಳ್ಳಿ. ಇಬ್ಬರೂ ಅದೇ ಮೆಕ್ಕೆಜೋಳದ ಹೊಲದಲ್ಲಿ ಆಡಿದವರು, ಸಂತೆಯಲ್ಲಿ ಅದೇ ಕನ್ನಡ ಕಲಿತವರು. ಅಣ್ಣ ಹುಟ್ಟಿನಿಂದಲೇ ಭಾರತದ ಪ್ರಜೆ. ತಮ್ಮ ವಿದೇಶಿ, ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಇರಬೇಕಾದವನು. ಅಣ್ಣನ ಹಕ್ಕೂ ಸುಲಭವಾಗಿ ಸಿಗಲಿಲ್ಲ. 2010ರಲ್ಲಿ ದೆಹಲಿ ಹೈಕೋರ್ಟ್ ನಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ, 2013ರಲ್ಲಿ ಕರ್ನಾಟಕ ಹೈಕೋರ್ಟ್ ಲಿಂಗ್ ರಿಂಪೊಚೆ ಪ್ರಕರಣದಲ್ಲಿ, ಕಾನೂನಿನಲ್ಲಿ ಸ್ಪಷ್ಟವಾಗಿಯೇ ಇದ್ದುದನ್ನು ಮತ್ತೆ ಹೇಳಬೇಕಾಯಿತು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಸರ್ಕಾರ ಒಪ್ಪಿದಾಗಲೂ ನಿರಾಶ್ರಿತರ ನೆಲೆ ಬಿಟ್ಟು ಹೊರಹೋಗಬೇಕೆಂಬ ಷರತ್ತು ಜೊತೆಗೆ ಬಂತು. ಪ್ರಜೆಯೆಂದು ಒಪ್ಪಿ ಮನೆ ಬಿಡಿಸುವುದು ವಿಚಿತ್ರ ಔದಾರ್ಯ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು. ನೆಲವೊಂದೇ ಸಾಕೆಂದರೆ ಗಡಿ ದಾಟಿ ಬಂದು ಹೆರುವವರೆಲ್ಲರ ಮಕ್ಕಳೂ ಪ್ರಜೆಗಳಾಗುವುದಿಲ್ಲವೇ ಎಂಬುದು ಒಂದು. ಅಸ್ಸಾಮಿನ ಅನುಭವದ ನೆರಳಿನಲ್ಲಿ 1980ರ ದಶಕದ ತಿದ್ದುಪಡಿ ಬಂದದ್ದೂ ಈ ಅಂಜಿಕೆಯಿಂದಲೇ. ಅಂಜಿಕೆಯನ್ನು ತಳ್ಳಿಹಾಕಬೇಕಿಲ್ಲ. ಹುಟ್ಟಿದ ಕ್ಷಣಕ್ಕೆ ಪೌರತ್ವ ಕೊಡುವುದು ಬೇಡವೆಂದೇ ಇಟ್ಟುಕೊಳ್ಳೋಣ. ಇಲ್ಲೇ ಹುಟ್ಟಿ, ಇಲ್ಲೇ ಶಾಲೆ ಮುಗಿಸಿ, ಹದಿನೆಂಟು ದಾಟಿದವನಿಗೂ ಬೇಡವೆನ್ನಲು ಆ ಅಂಜಿಕೆ ಸಾಲುವುದಿಲ್ಲ. ಎರಡನೆಯ ಆಕ್ಷೇಪ ಟಿಬೆಟನ್ನರೊಳಗಿನದು: ಭಾರತದ ಪೌರತ್ವ ಪಡೆದರೆ ತಾಯ್ನಾಡಿನ ಹೋರಾಟ ಸಡಿಲವಾದೀತು. ಅದು ಅವರವರು ತೀರ್ಮಾನಿಸಬೇಕಾದ ಮಾತು. ಬೇಡವೆನ್ನುವ ಸ್ವಾತಂತ್ರ್ಯಕ್ಕೆ ಅರ್ಥ ಬರುವುದು ಬೇಕೆಂದವರಿಗೆ ಸಿಗುವಂತಿದ್ದಾಗ.

ರಕ್ತವೇ ನಿಷ್ಠೆಯ ಖಾತರಿ ಎಂಬ ವಾದವನ್ನೂ ಕರ್ನಾಟಕ ಹತ್ತಿರದಿಂದ ಕಂಡಿದೆ. 1983ರಲ್ಲಿ ನೋಂದಣಿಯ ಮೂಲಕ ಭಾರತದ ಪ್ರಜೆಯಾದ, ಇಟಲಿಯಲ್ಲಿ ಹುಟ್ಟಿದ ಸೋನಿಯಾ ಗಾಂಧಿ 1999ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ನಿಂತರು. ಎದುರಾಳಿ ಸುಷ್ಮಾ ಸ್ವರಾಜ್ ಕನ್ನಡ ಕಲಿತು ಭಾಷಣ ಮಾಡಿದರು. ಹುಟ್ಟಿದ ದೇಶದ ಪ್ರಶ್ನೆ ಪ್ರಚಾರದ ನಡುಮಧ್ಯದಲ್ಲಿತ್ತು. ಗೆದ್ದವರು ಸೋನಿಯಾ. ಪಕ್ಷ, ಜಾತಿ, ಹಳೆಯ ನಿಷ್ಠೆಗಳೆಲ್ಲ ಕೂಡಿದ ಆ ಫಲಿತಾಂಶದಿಂದ ಪೌರತ್ವದ ಸಿದ್ಧಾಂತ ಹಿಂಡಲಾಗದು. ಆದರೆ ಹುಟ್ಟಿನ ಪ್ರಶ್ನೆಯನ್ನು ಚೆನ್ನಾಗಿ ಕೇಳಿಸಿಕೊಂಡೇ ಮತಗಟ್ಟೆಗೆ ಹೋದ ಬಳ್ಳಾರಿಯವರು ಅದೊಂದನ್ನೇ ಕೊನೆಯ ಮಾತೆಂದು ಒಪ್ಪಲಿಲ್ಲ.

ಹಾಗಾದರೆ ನ್ಯಾಯವಾದ ನಿಯಮ ಹೇಗಿರಬೇಕು? ತಂದೆತಾಯಿ, ಅಜ್ಜ ಅಜ್ಜಿಯರ ಮೂಲಕ ಬರುವ ಹಕ್ಕನ್ನು ಪ್ರಶ್ನಿಸಬೇಕಿಲ್ಲ. ಕಣ್ಣಾರೆ ಕಂಡ ಹಿರಿಯರ ನಂಟು ಜೀವಂತವಾಗಿರುತ್ತದೆ. ಅದರಾಚೆಯವರು ಬಂದು, ಇದ್ದು, ಭಾಷೆ ಕಲಿತು ನಮ್ಮವರಾಗಲಿ. ಇಟಲಿ ಹುಟ್ಟು ಪ್ರಜೆಗಳ ಮೊಮ್ಮಕ್ಕಳಿಗೆ ಎರಡು ವರ್ಷದ ವಾಸದ ದಾರಿಯನ್ನು ಈಗ ತೆರೆದಿದೆ. ಮರಿಮೊಮ್ಮಕ್ಕಳಿಗೂ ಅದನ್ನು ಚಾಚಿದ್ದರೆ ಸುಗ್ರೀವಾಜ್ಞೆಯ ಗಾಯ ಅರ್ಧ ಮಾಯುತ್ತಿತ್ತು. ವಂಶವಿಲ್ಲದಿದ್ದರೂ ಬಾಳು ಅಲ್ಲೇ ಕಳೆದವರಿಗೆ, ಪೊ ಬಯಲಿನ ಪಂಜಾಬಿಗಾಗಲಿ ಮುಂಡಗೋಡಿನ ತಮ್ಮನಿಗಾಗಲಿ, ವಂಶಸ್ಥರಿಗಿಂತ ಕಷ್ಟದ ದಾರಿ ಇರಬಾರದು. ಗೆರೆ ಬದಲಿಸುವ ದಿನ ಬಂದರೆ ಅದು ಮುಂದೆ ಹುಟ್ಟುವವರಿಗೆ; ಈಗಾಗಲೇ ಇರುವವರಿಗೆ ಗಡುವು, ವಿಚಾರಣೆ, ಮೇಲ್ಮನವಿ.

ಇದರಲ್ಲಿ ಮೊದಲ ಹೆಜ್ಜೆ ನಮ್ಮದಾಗಬಹುದು. ಭಾರತದಲ್ಲಿ ಹುಟ್ಟಿ ಇಲ್ಲೇ ಓದು ಮುಗಿಸಿದವರು ಹದಿನೆಂಟು ತುಂಬಿದ ಮೇಲೆ ಘೋಷಣೆಯೊಂದರಿಂದ ಪೌರತ್ವ ಆರಿಸಿಕೊಳ್ಳಬಹುದು ಎಂಬ ಒಂದು ಉಪವಾಕ್ಯವನ್ನು 1955ರ ಕಾಯ್ದೆಗೆ ಸೇರಿಸಿದರೆ ಸಾಕು. ಅಮೆರಿಕದಲ್ಲಿ ಹುಟ್ಟಿದ ಕನ್ನಡಿಗರ ಮರಿಮೊಮ್ಮಗನಿಗೆ ಜೀವಮಾನದ ಕಾರ್ಡ್ ಕೊಡಬಲ್ಲ ದೇಶ, ಮುಂಡಗೋಡಿನಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟು ಕೊಡಲಾರದೆಂದರೆ ಅದಕ್ಕೆ ಸಮರ್ಥನೆ ಹುಡುಕುವುದು ಕಷ್ಟ.